ಓದುಗರ ಪ್ರಶ್ನೆ: ಸಂಶೋಧನೆ ಹಳ್ಳಿ ಆಸ್ಪತ್ರೆಯ ಬಾಗಿಲು ದಾಟಬೇಕಾದರೆ

ಗ್ರಾಮೀಣ ಆರೋಗ್ಯ ಸಂಶೋಧನೆ ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆಯ್ದುಕೊಂಡಿದ್ದೇವೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಹೆರಿಗೆ ನಂತರದ ರಕ್ತಸ್ರಾವ ತಡೆಯುವ ಮಾತ್ರೆಯ ಪ್ರಯೋಗ ನಮ್ಮ ಜಿಲ್ಲೆಯಲ್ಲೇ ಆಗಿತ್ತೆಂದು ತರಬೇತಿಯಲ್ಲಿ ಹೇಳಿದರು. ಅದರಿಂದ ಏನು ಗೊತ್ತಾಯಿತು? ಈಗಂತೂ ಎಲ್ಲರೂ ಆಸ್ಪತ್ರೆಗೇ ಬರುತ್ತಾರೆ, ಆಕ್ಸಿಟೋಸಿನ್ (ಗರ್ಭಕೋಶ ಬಿಗಿಸಿ ರಕ್ತ ತಡೆಯುವ ಚುಚ್ಚುಮದ್ದು) ಕೊಡುತ್ತೇವೆ. ಆದರೂ ರಕ್ತ ಹೋಗಿ ತಾಲ್ಲೂಕು ಆಸ್ಪತ್ರೆಗೆ ಕಳಿಸುವುದು ತಪ್ಪಿಲ್ಲ. ಎಲ್ಲಿ ಎಡವುತ್ತಿದ್ದೇವೆ?
— ಶುಶ್ರೂಷಾಧಿಕಾರಿ, ಪಿಎಚ್‌ಸಿ, ಬೆಳಗಾವಿ ಜಿಲ್ಲೆ

ಉತ್ತರ: ಆ ಪ್ರಯೋಗ 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಮೂಲಕ, ಸುತ್ತಲ ಹಳ್ಳಿಗಳಲ್ಲಿ ನಡೆಯಿತು. ಫಲಿತಾಂಶ 2006ರ ಅಕ್ಟೋಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆಯಾಗುವ 1,620 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ. ಹೊಕ್ಕುಳಬಳ್ಳಿ ಕತ್ತರಿಸಿದ ಐದು ನಿಮಿಷದೊಳಗೆ 200 ಮೈಕ್ರೊಗ್ರಾಂನ ಮೂರು ಮಾತ್ರೆ ನುಂಗಿಸಬೇಕು. ಕೊಟ್ಟವರು ವೈದ್ಯರಲ್ಲ, ಎಎನ್‌ಎಂಗಳು (ಸಹಾಯಕ ದಾದಿಯರು). 500 ಮಿ.ಲೀ. ಮುಟ್ಟಿದ ಅಥವಾ ಮೀರಿದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ಲೀಟರ್ ಮುಟ್ಟಿದ್ದು 1.2ರಿಂದ 0.2ಕ್ಕೆ. ಅಂದರೆ 18 ಮಂದಿಗೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ. ಸ್ವಲ್ಪ ಹೊತ್ತು ನಡುಕ, ಜ್ವರ ಬರುವುದುಂಟು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಎಲ್ಲರಿಗೂ ಮಾತ್ರೆ ನೆನಪಿದೆ, ಚೀಲ ಮರೆತುಹೋಗಿದೆ. ಆ ಪ್ರಯೋಗದಲ್ಲಿ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳಲಿಲ್ಲ. ಬಾಣಂತಿಯ ಸೊಂಟದ ಕೆಳಗೆ ಹಾಸಿ, ತುದಿಯಲ್ಲಿ ಮಿ.ಲೀ. ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಇಳಿಬಿಟ್ಟು ಅಳೆದರು. ಅಲ್ಲೇ ನಡೆದ ಹೋಲಿಕೆಯಲ್ಲಿ, ಕಣ್ಣಳತೆ ಚೀಲದ ಅಳತೆಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ ತೋರಿಸಿತು. 600 ಮಿ.ಲೀ. ಹೋಗಿದ್ದರೆ ನಮ್ಮ ಕಣ್ಣಿಗೆ ಅದು 400. ಕೇಸ್ ಶೀಟಿನಲ್ಲಿ 'ರಕ್ತಸ್ರಾವ ಸಾಮಾನ್ಯ' ಎಂದು ಬರೆದು ಕೈತೊಳೆದುಕೊಳ್ಳುವುದು ಇಲ್ಲಿಂದಲೇ ಶುರು.

ಹಾಗಾಗಿ ನಿಮ್ಮ ಮೊದಲ ತೊಡಕು ಅಳತೆ. ಮಗು ಹೊರಬಂದು ಗರ್ಭಜಲ ಬಸಿದುಹೋದ ಮೇಲೆ ಚೀಲ ಹಾಸಿ. ಮೊದಲೇ ಹಾಸಿದರೆ ನೀರೂ ಸೇರಿ ಲೆಕ್ಕ ಕೆಡುತ್ತದೆ. ಚೀಲದ ಬಾಯಿ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿರಬೇಕು. ಬಾಣಂತಿ ಹಿಂದಕ್ಕೆ ಸರಿದರೆ ರಕ್ತ ಬೆನ್ನಿನಡಿ ಹರಿದು ಚೀಲ ಖಾಲಿ ಕಾಣುತ್ತದೆ. ಒಂದು ಗಂಟೆ ಬಿಟ್ಟಿರಿ. ಚೀಲ ಸರಬರಾಜಿಲ್ಲದಿದ್ದರೆ ಒಣ ಪ್ಯಾಡು, ಬಟ್ಟೆಗಳನ್ನು ಮೊದಲೇ ತೂಗಿ ಗುರುತು ಹಾಕಿಡಿ. ನೆಂದ ಮೇಲೆ ಹೆಚ್ಚಾದ ಒಂದು ಗ್ರಾಂಗೆ ಒಂದು ಮಿ.ಲೀ. ಎಂದು ಹಿಡಿಯಿರಿ. ಮಗುವನ್ನು ತೂಗುವ ತಕ್ಕಡಿಯೇ ಸಾಕು, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ.

ಎರಡನೆಯದು ಆಕ್ಸಿಟೋಸಿನ್ ಇಡುವ ಜಾಗ. 10 ಯೂನಿಟ್ ಚುಚ್ಚುಮದ್ದು ಕೊಟ್ಟೆವೆಂದು ಬರೆದಿರುತ್ತದೆ, ಆದರೆ ಆಂಪೂಲ್ 2ರಿಂದ 8 ಡಿಗ್ರಿಯಲ್ಲಿ ಇತ್ತೇ? ಬೆಳಿಗ್ಗೆ ಹೆರಿಗೆ ಟ್ರೇಗೆ ಹಾಕಿದ ಆಂಪೂಲು ನಾಲ್ಕು ದಿನ ಅಲ್ಲೇ ಉಳಿದಿರುತ್ತದೆ; ಏಪ್ರಿಲ್ ತಿಂಗಳಲ್ಲಿ ಆ ಕೋಣೆ 38 ಡಿಗ್ರಿ. ಔಷಧದ ಬಣ್ಣ ಬದಲಾಗುವುದಿಲ್ಲ, ಸತ್ವ ಮಾತ್ರ ಇಳಿದಿರುತ್ತದೆ. ಅಂದಂದಿಗೆ ಬೇಕಾದ ಎರಡು ಮೂರು ಆಂಪೂಲನ್ನು ತಂಪು ಪೆಟ್ಟಿಗೆಯಲ್ಲಿಡಿ, ಉಳಿದದ್ದನ್ನು ಸಂಜೆ ವಾಪಸ್ ಫ್ರಿಜ್‌ಗೆ ಹಾಕಿ. ಈ ಸಮಸ್ಯೆಗೆಂದೇ ಬಂದದ್ದು ಶಾಖ ತಾಳುವ ಕಾರ್ಬೆಟೋಸಿನ್: 30 ಡಿಗ್ರಿಯಲ್ಲಿ, 75 ಶೇಕಡ ತೇವದಲ್ಲಿ ಮೂರು ವರ್ಷ ಕೆಡುವುದಿಲ್ಲ. ಭಾರತವೂ ಸೇರಿ ಹತ್ತು ದೇಶಗಳ 29,645 ಮಹಿಳೆಯರ ಪ್ರಯೋಗದಲ್ಲಿ (ಪ್ರಕಟಣೆ 2018) 500 ಮಿ.ಲೀ. ಮುಟ್ಟಿದವರು ಅಥವಾ ಮತ್ತಷ್ಟು ಔಷಧ ಬೇಕಾದವರು 14.5 ಶೇಕಡ, ಆಕ್ಸಿಟೋಸಿನ್ ಗುಂಪಿನಲ್ಲಿ 14.4. ಗಮನಿಸಿ, ಅದು ಸರಿಯಾಗಿ ತಂಪಿನಲ್ಲಿಟ್ಟ ಆಕ್ಸಿಟೋಸಿನ್. ನಿಮ್ಮ ಫ್ರಿಜ್ ಚೆನ್ನಾಗಿದ್ದರೆ ಹೊಸ ಔಷಧದಿಂದ ಹೆಚ್ಚಿನ ಲಾಭವಿಲ್ಲ. ಕರೆಂಟ್ ಕೈಕೊಡುವ ಕಡೆ ಇದೆ. ಇದು ತಡೆಗಟ್ಟಲು ಮಾತ್ರ. ಶುರುವಾದ ರಕ್ತಸ್ರಾವದ ಚಿಕಿತ್ಸೆಗಲ್ಲ.

ಮೂರನೆಯದು ಕಾಯುವ ಅಭ್ಯಾಸ. ಮೊದಲು ಗರ್ಭಕೋಶ ಉಜ್ಜಿ ನೋಡೋಣ, ಆಮೇಲೆ ಔಷಧ, ಅದೂ ಆಗದಿದ್ದರೆ ಡ್ರಿಪ್, ಕೊನೆಗೆ 108. ಈ ಸಾಲುಗಟ್ಟುವಿಕೆಯಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. 2023ರಲ್ಲಿ ಪ್ರಕಟವಾದ 'ಇ-ಮೋಟಿವ್' ಪ್ರಯೋಗ ಕೆನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಹೆರಿಗೆಗಳಲ್ಲಿ ಈ ಕ್ರಮವನ್ನೇ ಬದಲಿಸಿತು: ಚೀಲದಲ್ಲಿ ಅಳೆ, ಮಿತಿ ಮುಟ್ಟಿದೊಡನೆ ಉಜ್ಜುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆ್ಯಸಿಡ್ (ಹೆಪ್ಪು ಕರಗದಂತೆ ತಡೆಯುವ ಔಷಧ), ಡ್ರಿಪ್, ಯೋನಿ ಮತ್ತು ಗರ್ಭಕೊರಳಿನ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರುಮಾಡು. ಲೀಟರ್ ಮುಟ್ಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿ 4.3 ಶೇಕಡದಿಂದ 1.6ಕ್ಕೆ ಇಳಿಯಿತು. ರಕ್ತಸ್ರಾವವನ್ನು ಗುರುತಿಸಿದ ಪ್ರಮಾಣ 51ರಿಂದ 93 ಶೇಕಡಕ್ಕೆ ಏರಿತು. ಇದರಲ್ಲಿ ಹೊಸ ಔಷಧ ಒಂದೂ ಇಲ್ಲ.

ನಿಮ್ಮಲ್ಲಿ ಮಾಡಬಹುದಾದದ್ದು: ಚೀಲದಲ್ಲಿ 300 ಮಿ.ಲೀ. ಆಗಿ ನಾಡಿ 100 ದಾಟಿದ್ದರೆ ಅಥವಾ ಮೇಲಿನ ಬಿಪಿ 100ಕ್ಕಿಂತ ಇಳಿದಿದ್ದರೆ ಆಗಲೇ ಶುರು. 500 ಮುಟ್ಟಿದರೆ ನಾಡಿ ಹೇಗೇ ಇರಲಿ ಶುರು. ಟ್ರಾನೆಕ್ಸಾಮಿಕ್ ಆ್ಯಸಿಡ್ ಒಂದು ಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ; ಹೆರಿಗೆಯಾಗಿ ಮೂರು ಗಂಟೆಯೊಳಗೆ. ಇವೆಲ್ಲವೂ ಒಂದೇ ಡಬ್ಬದಲ್ಲಿ, ಹೆರಿಗೆ ಕೋಣೆಯ ಗೋಡೆಗೆ ಇರಲಿ. ಆಕ್ಸಿಟೋಸಿನ್ ಮಾತ್ರ ತಂಪಿನಲ್ಲಿ. ಬೀಗ ಹಾಕಿದ ಔಷಧ ಕಪಾಟು ರಾತ್ರಿ ಪಾಳಿಗೆ ಇಲ್ಲದಂತೆಯೇ ಲೆಕ್ಕ. ಆ ಪ್ರಯೋಗದ ಆಸ್ಪತ್ರೆಗಳು ನಿಮ್ಮದಕ್ಕಿಂತ ದೊಡ್ಡವು, ಅಲ್ಲಿ ಶಸ್ತ್ರಚಿಕಿತ್ಸೆ ಇತ್ತು. ಆದ್ದರಿಂದ 108ಕ್ಕೆ ಕರೆ ಮಾಡುವುದು ಪಟ್ಟಿಯ ಕೊನೆಯಲ್ಲಿ ಬೇಡ, ಡಬ್ಬ ತೆರೆದ ಕ್ಷಣದಲ್ಲೇ ಇನ್ನೊಬ್ಬರು ಮಾಡಲಿ.

ಪ್ರಶ್ನೆ: ಕ್ಷಯ ರೋಗಿಗೆ ಆಹಾರದ ಕಿಟ್ ಬರುತ್ತದೆ. ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ ಎಂದು ಮೇಲಿನವರು ಬೈಯುತ್ತಾರೆ. ಹಂಚಿ ತಿಂದರೆ ತಪ್ಪೇ?
— ಆಶಾ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು

ಉತ್ತರ: ತಪ್ಪು ಹಂಚಿದವರದಲ್ಲ, ಒಬ್ಬರಿಗೆ ಮಾತ್ರ ಲೆಕ್ಕ ಹಾಕಿ ಕೊಟ್ಟವರದು. ಇದನ್ನೇ ಪರೀಕ್ಷಿಸಿದ ಅಧ್ಯಯನವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳ 10,345 ಮನೆಮಂದಿಯನ್ನು ಅನುಸರಿಸಿದರು. 'ರೇಷನ್ಸ್' ಎಂದು ಹೆಸರು, 2023ರಲ್ಲಿ ಪ್ರಕಟ. ರೋಗಿಗಳಿಗೆಲ್ಲ ತಿಂಗಳಿಗೆ ಹತ್ತು ಕಿಲೋದ ಬುಟ್ಟಿ. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39 ಶೇಕಡ ಕಡಿಮೆಯಾಯಿತು. ಕಫದ ಪರೀಕ್ಷೆಯಲ್ಲಿ ಖಚಿತವಾಗುವ ಶ್ವಾಸಕೋಶದ ಕ್ಷಯ 48 ಶೇಕಡ. ಯಾವ ಲಸಿಕೆಯೂ ಇಲ್ಲದೆ.

ಲೆಕ್ಕ ಬಿಡಿಸಿದರೆ ದಿನಕ್ಕೆ ಸುಮಾರು 165 ಗ್ರಾಂ ಅಕ್ಕಿ, 50 ಗ್ರಾಂ ಬೇಳೆ. 750 ಕ್ಯಾಲರಿ, 23 ಗ್ರಾಂ ಪ್ರೋಟೀನು. ಅಕ್ಕಿ ಬದಲು ಜೋಳ ಕೊಟ್ಟರೂ ಕ್ಯಾಲರಿಯಲ್ಲಿ ಹೆಚ್ಚು ಕಡಿಮೆ ಅಷ್ಟೇ. ಬೇಳೆಯನ್ನು ಮಾತ್ರ ಕಡಿಮೆ ಮಾಡಬೇಡಿ. ದಾನಿಗಳ ಕಿಟ್‌ನಲ್ಲಿ ಸಾಮಾನ್ಯವಾಗಿ ಆಗುವುದು ಅದೇ: ಅಕ್ಕಿ ತುಂಬಿ, ಬೇಳೆ ಅರ್ಧ ಕಿಲೋ, ಮೇಲೊಂದು ಬಿಸ್ಕತ್ತಿನ ಪೊಟ್ಟಣ.

ನಿಮ್ಮ ಕೈಲಿರುವ ಇನ್ನೊಂದು ಕೆಲಸ ತೂಕ. ಅದೇ ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ 5 ಶೇಕಡ ಏರಿದವರಿಗೆ ಸಾವಿನ ಅಪಾಯ 61 ಶೇಕಡ ಕಡಿಮೆಯಿತ್ತು. 40 ಕಿಲೋ ಇರುವವರಿಗೆ ಅದು ಎರಡೇ ಕಿಲೋ. ಒಂದೇ ತಕ್ಕಡಿ, ಚಪ್ಪಲಿ ತೆಗೆಸಿ, ತಿಂಗಳಿಗೊಮ್ಮೆ. ಏರದಿದ್ದರೆ ವೈದ್ಯಾಧಿಕಾರಿಗೆ ಹೇಳಿ. ಸಕ್ಕರೆ ಕಾಯಿಲೆಯೋ, ಕುಡಿತವೋ, ಮಾತ್ರೆಯಿಂದ ವಾಂತಿಯೋ, ಔಷಧಕ್ಕೆ ಬಗ್ಗದ ಕ್ಷಯವೋ ನೋಡಬೇಕಾಗುತ್ತದೆ. ಕ್ಷಯ ರೋಗಿಗಳ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ ₹500ರ ಬದಲು ₹1,000. ಮನೆಯವರಿಗೂ ಆಹಾರ ಬುಟ್ಟಿ ವಿಸ್ತರಿಸುವುದಾಗಿ ಕೇಂದ್ರ ಸರ್ಕಾರ ಅದೇ ವರ್ಷ ಪ್ರಕಟಿಸಿದೆ. ನಿಮ್ಮಲ್ಲಿ ದಾನಿಗಳಿದ್ದರೆ ಕಿಟ್ ಕೇಳುವಾಗ ಮನೆಮಂದಿಯ ಸಂಖ್ಯೆಯನ್ನೂ ಬರೆದು ಕೇಳಿ.

ಪ್ರಶ್ನೆ: ಹಾವು ಕಡಿದವರಿಗೆ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತೇವೆ. ಒಮ್ಮೆ ಒಂದು ಫಲಿತಾಂಶ, ಮತ್ತೊಮ್ಮೆ ಮಾಡಿದರೆ ಬೇರೆ. ಕೆಲವರಿಗೆ ಪ್ರತಿವಿಷದ ಹತ್ತು ವಯಲ್ (ಸೀಸೆ) ಕೊಟ್ಟರೂ ರಕ್ತ ಗಟ್ಟಿಯಾಗುವುದಿಲ್ಲ. ಔಷಧವೇ ಸರಿಯಿಲ್ಲವೇ?
— ವೈದ್ಯಾಧಿಕಾರಿ, ಶಿರಸಿ ತಾಲ್ಲೂಕು

ಉತ್ತರ: ಮೊದಲು ಗಾಜಿನ ನಳಿಕೆ ನೋಡಿ. ರಕ್ತ ಗಟ್ಟಿಯಾಗಲು ಗಾಜಿನ ಮೇಲ್ಮೈಯೇ ಚಾಲನೆ ಕೊಡಬೇಕು. ಪ್ಲಾಸ್ಟಿಕ್ ನಳಿಕೆಯಲ್ಲಿ, ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ, ಒದ್ದೆ ನಳಿಕೆಯಲ್ಲಿ ವಿಷವಿಲ್ಲದಿದ್ದರೂ ರಕ್ತ ನೀರಾಗಿಯೇ ಉಳಿಯಬಹುದು. ಹೊಸ, ಒಣ ಗಾಜಿನ ನಳಿಕೆ. ಆಗಷ್ಟೇ ತೆಗೆದ 2 ಮಿ.ಲೀ. ರಕ್ತ, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ನಡುವೆ ಎತ್ತೆತ್ತಿ ನೋಡಿದರೆ ಹೆಪ್ಪು ಒಡೆಯುತ್ತದೆ. ಹಾವು ಕಡಿಯದ ಸಿಬ್ಬಂದಿಯೊಬ್ಬರ ರಕ್ತವನ್ನು ಪಕ್ಕದ ನಳಿಕೆಯಲ್ಲಿಟ್ಟರೆ ನಳಿಕೆಯ ದೋಷವೋ ವಿಷವೋ ಗೊತ್ತಾಗುತ್ತದೆ.

ಹತ್ತು ವಯಲ್ ಎಲ್ಲಿಂದ ಬಂತೆಂದರೆ: ನಮ್ಮ ಪ್ರತಿವಿಷದ ಒಂದು ಮಿ.ಲೀ. 0.6 ಮಿ.ಗ್ರಾಂ. ಕೊಳಕುಮಂಡಲದ ವಿಷವನ್ನು ತಟಸ್ಥಗೊಳಿಸುತ್ತದೆ. 10 ಮಿ.ಲೀ.ಯ ಹತ್ತು ವಯಲ್‌ಗೆ 60 ಮಿ.ಗ್ರಾಂ. ಕೊಳಕುಮಂಡಲ ಒಂದು ಕಡಿತದಲ್ಲಿ ಬಿಡುವ ವಿಷ ಸರಾಸರಿ 63 ಎಂದು ಹಿಡಿದಿದ್ದಾರೆ. ಮಕ್ಕಳಿಗೂ ಅಷ್ಟೇ ಕೊಡುವುದು ಈ ಕಾರಣಕ್ಕೇ. ಮಗು ಚಿಕ್ಕದೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲ. ಮರುಪರೀಕ್ಷೆ ಆರು ಗಂಟೆಯ ನಂತರ. ವಿಷ ತಟಸ್ಥವಾದ ಮೇಲೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಎರಡು ಗಂಟೆಗೇ ಪರೀಕ್ಷಿಸಿ ಗಾಬರಿಯಿಂದ ಇನ್ನೂ ಹತ್ತು ವಯಲ್ ಸುರಿಯುವುದು ದಂಡ. ತೋಳಿಗೆ ಚುಚ್ಚಿ ನೋಡುವ ಪರೀಕ್ಷಾ ಡೋಸ್ ಬೇಡ, ಅದು ಅಲರ್ಜಿಯನ್ನು ಮುಂಗಾಣುವುದಿಲ್ಲ. ಬದಲಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿಟ್ಟುಕೊಂಡು ಡ್ರಿಪ್ ಶುರುಮಾಡಿ.

ಇಷ್ಟಾದರೂ ಗಟ್ಟಿಯಾಗದಿದ್ದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ನಮ್ಮ ಪ್ರತಿವಿಷ ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ನಿಮ್ಮ ಘಟ್ಟದ ತೋಟಗಳಲ್ಲಿ ಇನ್ನೊಂದು ತೊಡಕು: ಮೂತಿ ಮೇಲಕ್ಕೆ ಬಾಗಿದ ಸಣ್ಣ ಹಂಪ್-ನೋಸ್ಡ್ ಪಿಟ್ ವೈಪರ್. ಅದರ ವಿಷಕ್ಕೆ ಈ ಔಷಧ ನಾಟುವುದಿಲ್ಲ, ಮೂತ್ರಪಿಂಡ ಕೆಡಬಹುದು. ಅಂಥವರಿಗೆ ವಯಲ್ ಮೇಲೆ ವಯಲ್ ಹಾಕದೆ ಡಯಾಲಿಸಿಸ್ ಇರುವೆಡೆ ಕಳಿಸಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ವರದಿಯ ಜೊತೆಗೆ ಹಾವಿನ ಮೊಬೈಲ್ ಚಿತ್ರ (ಸಿಕ್ಕರೆ ಮಾತ್ರ, ಹುಡುಕಿಕೊಂಡು ಹೋಗುವುದು ಬೇಡ), ಕೊಟ್ಟ ವಯಲ್, ಬ್ಯಾಚ್ ಸಂಖ್ಯೆ, ಆರು ಗಂಟೆಯ ಫಲಿತಾಂಶ ಇವಿಷ್ಟನ್ನು ನಿಮ್ಮ ರಿಜಿಸ್ಟರ್‌ನಲ್ಲೂ ಬರೆದಿಡಿ. ನಿಮ್ಮ ಕಡೆಯ ಹಾವಿಗೆ ಹೊಂದುವ ಪ್ರತಿವಿಷ ಬೇಕೆಂದು ವಾದಿಸಲು ಆಧಾರ ಆ ಪುಟಗಳೇ.

ಪ್ರಶ್ನೆ: ಊರಿಗೆ ಕಾಲೇಜಿನವರು ಬಂದು ಔಷಧದ ಅಧ್ಯಯನಕ್ಕೆ ಹೆಬ್ಬೆಟ್ಟು ಕೇಳುತ್ತಿದ್ದಾರೆ. ಪಂಚಾಯಿತಿ ಒಪ್ಪಿದೆಯಂತೆ. ಅಮ್ಮನಿಗೆ ಓದು ಬರುವುದಿಲ್ಲ. ಒಪ್ಪಬಹುದೇ?
— ಓದುಗ, ಚಾಮರಾಜನಗರ ಜಿಲ್ಲೆ

ಉತ್ತರ: ಪಂಚಾಯಿತಿಯ ಒಪ್ಪಿಗೆ ಊರೊಳಗೆ ಬರಲು, ನಿಮ್ಮ ತಾಯಿಯ ಒಪ್ಪಿಗೆ ಬೇರೆಯೇ. ಓದು ಬಾರದವರಾದರೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಪೂರ್ತಿ ವಿವರಣೆ ಕೇಳಿಸಿಕೊಂಡು ಸಹಿ ಹಾಕಬೇಕು. ಮಾಹಿತಿ ಪತ್ರ ಕನ್ನಡದಲ್ಲಿರಬೇಕು, ಅದರ ಪ್ರತಿ ನಿಮಗೆ ಸಿಗಬೇಕು. ಮೂರು ಪ್ರಶ್ನೆ ಕೇಳಿ: ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ಪಟ್ಟಿಯಲ್ಲಿನ ನೋಂದಣಿ ಸಂಖ್ಯೆ ಯಾವುದು (2009ರಿಂದ ಪ್ರಯೋಗಗಳಿಗೆ ಕಡ್ಡಾಯ, ಅಂತರ್ಜಾಲದಲ್ಲಿ ಯಾರೂ ನೋಡಬಹುದು)? ನೈತಿಕ ಸಮಿತಿಯ ಫೋನ್ ಸಂಖ್ಯೆ ಎಲ್ಲಿದೆ? ತೊಂದರೆಯಾದರೆ ಚಿಕಿತ್ಸೆ ಎಲ್ಲಿ, ಖರ್ಚು ಯಾರದು? 2019ರ ನಿಯಮಗಳ ಪ್ರಕಾರ ಪ್ರಯೋಗದಿಂದಾದ ತೊಂದರೆಗೆ ಉಚಿತ ಚಿಕಿತ್ಸೆ, ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಪರಿಹಾರ ಕೊಡಲೇಬೇಕು. ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟರೆ ಪಿಎಚ್‌ಸಿಯ ಮಾಮೂಲಿ ಚಿಕಿತ್ಸೆ ನಿಲ್ಲಕೂಡದು. ಇವಕ್ಕೆಲ್ಲ ನೇರ ಉತ್ತರ ಸಿಕ್ಕರೆ ಸೇರುವುದರಲ್ಲಿ ಹೆದರುವಂಥದ್ದೇನಿಲ್ಲ. ಹಳ್ಳಿಯವರು ಸೇರದ ಪ್ರಯೋಗದ ಔಷಧ ಹಳ್ಳಿಯವರಿಗೆ ಹೊಂದುತ್ತದೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಅಡ್ಡಾದಿಡ್ಡಿ ಉತ್ತರ ಬಂದರೆ ಹೆಬ್ಬೆಟ್ಟು ಬೇಡ.

ಪ್ರಶ್ನೆ: ಹಸುಗೂಸಿನ ಮನೆಭೇಟಿಯ ದಿನಗಳು ಎಲ್ಲಿಂದ ಬಂದವು? ಮಗುವಿಗೆ ಸೋಂಕು ಕಂಡರೆ ನಾವು ಕಳಿಸುವುದಷ್ಟೇ, ಔಷಧ ಕೊಡುವಂತಿಲ್ಲ. ಏಕೆ?
— ಆಶಾ ಕಾರ್ಯಕರ್ತೆ, ಹರಪನಹಳ್ಳಿ

ಉತ್ತರ: ಈ ಕಾರ್ಯಕ್ರಮದ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ 'ಸರ್ಚ್' ಸಂಸ್ಥೆ 39 ಹಳ್ಳಿಗಳಲ್ಲಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, 47 ಹಳ್ಳಿಗಳ ಜೊತೆ ಹೋಲಿಸಿ ನೋಡಿತು. ಮೂರನೆಯ ವರ್ಷಕ್ಕೆ ನವಜಾತ ಶಿಶುಮರಣ 62 ಶೇಕಡ ಇಳಿಯಿತು, 1999ರಲ್ಲಿ ಪ್ರಕಟವಾಯಿತು. 2011ರಲ್ಲಿ ದೇಶದ ಕಾರ್ಯಕ್ರಮವಾದಾಗ ಆಸ್ಪತ್ರೆ ಹೆರಿಗೆಗೆ 3, 7, 14, 21, 28, 42ನೆಯ ದಿನದ ಆರು ಭೇಟಿ, ಮನೆ ಹೆರಿಗೆಗೆ ಮೊದಲ ದಿನವೂ ಸೇರಿ ಏಳು ಎಂದಾಯಿತು. ಆದರೆ ಗಡಚಿರೋಲಿಯ ಕಾರ್ಯಕರ್ತೆಯರು ನಂಜೇರಿದ ಕೂಸಿಗೆ ಮನೆಯಲ್ಲೇ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುತ್ತಿದ್ದರು. ದೇಶಕ್ಕೆ ಹರಡುವಾಗ ಆ ಭಾಗ ಆಶಾಗಳ ಕೈಗೆ ಬರಲಿಲ್ಲ. ಭೇಟಿ ಉಳಿಯಿತು, ಸೂಜಿ ಹೋಯಿತು. 62 ಎಂಬ ಸಂಖ್ಯೆಯನ್ನು ಈಗಿನ ಕಾರ್ಯಕ್ರಮಕ್ಕೆ ಹಚ್ಚುವುದು ಸರಿಯಲ್ಲ. ನೀವು ಕಳಿಸುವುದಷ್ಟೇ ಆದ್ದರಿಂದ ಕಳಿಸುವ ಗುರುತುಗಳಲ್ಲಿ ತಡಮಾಡಬೇಡಿ: ಹಾಲು ಬಿಟ್ಟದ್ದು, ಮೈ ಸಡಿಲವಾದದ್ದು, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು (ಪೂರ್ತಿ ಒಂದು ನಿಮಿಷ ಎಣಿಸಿ, ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ), ಎದೆಗೂಡು ಒಳಸೆಳೆತ, ಮೈ ತಣ್ಣಗಾಗುವುದು ಅಥವಾ ಜ್ವರ.

ಪ್ರಶ್ನೆ: ಬಿಪಿ ರೋಗಿಗಳಿಗೆ ಮಾತ್ರೆ ಮನೆಗೆ ತಲುಪಿಸಿದರೆ ಹತೋಟಿ ಹೆಚ್ಚುತ್ತದೆಯೇ ಎಂದು ನಮ್ಮ ವ್ಯಾಪ್ತಿಯಲ್ಲಿ ನೋಡಬೇಕೆಂದಿದ್ದೇನೆ. ಒಂದು ಊರಿಗೆ ಮನೆಗೆ, ಇನ್ನೊಂದು ಊರಿಗೆ ಎಂದಿನಂತೆ. ಸಾಕೇ?
— ಸಮುದಾಯ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಾಲದು. ಎರಡೇ ಊರಾದರೆ ಕಂಡ ವ್ಯತ್ಯಾಸ ಮಾತ್ರೆಯದೋ ಊರಿನದೋ ಯಾವ ಸಂಖ್ಯಾಶಾಸ್ತ್ರವೂ ಬಿಡಿಸಿ ಹೇಳಲಾರದು. ಒಂದೂರಲ್ಲಿ ಒಳ್ಳೆಯ ಆಶಾ ಇರಬಹುದು, ಇನ್ನೊಂದಕ್ಕೆ ಬಸ್ಸೇ ಇಲ್ಲದಿರಬಹುದು. ಒಂದೇ ಊರಿನಲ್ಲಿ ಮನೆಮನೆಗೆ ಚೀಟಿ ಎತ್ತುವುದೂ ಆಗದು, ಅಕ್ಕಪಕ್ಕದವರು ಮಾತ್ರೆ ಹಂಚಿಕೊಳ್ಳುತ್ತಾರೆ. ಊರುಗಳನ್ನೇ ಚೀಟಿ ಎತ್ತಿ ಹಂಚಬೇಕು, ಊರುಗಳು ಹೆಚ್ಚಿರಬೇಕು.

ಲೆಕ್ಕ ಹೀಗೆ. ಒಬ್ಬೊಬ್ಬರನ್ನೇ ಹಂಚುವುದಾದರೆ ಪ್ರತಿ ಗುಂಪಿಗೆ 400 ಜನ ಬೇಕಿತ್ತು ಎನ್ನಿ. ಒಂದೂರಿನವರು ಒಬ್ಬರನ್ನೊಬ್ಬರು ಹೋಲುವ ಪ್ರಮಾಣ 0.05 ಎಂದಿಟ್ಟುಕೊಂಡು, ಊರಿಗೆ 20 ಜನ ತೆಗೆದುಕೊಂಡರೆ 1 + (19 × 0.05) = 1.95 ಪಟ್ಟು, ಅಂದರೆ ಪ್ರತಿ ಗುಂಪಿಗೆ 780 ಜನ, 39 ಊರು. ಊರು ಕಡಿಮೆ ಮಾಡೋಣವೆಂದು ಊರಿಗೆ 60 ಜನ ಹಿಡಿದರೆ 3.95 ಪಟ್ಟು, 1,580 ಜನ, ಆದರೂ 27 ಊರು ಬೇಕೇಬೇಕು. ಜನ ಇಮ್ಮಡಿಯಾದರೂ ಕಡಿಮೆಯಾದ ಊರು ಹನ್ನೆರಡೇ. ಒಂದು ಪಿಎಚ್‌ಸಿಗೆ ಇದು ಭಾರ. ಪಕ್ಕದ ನಾಲ್ಕೈದು ಪಿಎಚ್‌ಸಿಗಳ ವೈದ್ಯಾಧಿಕಾರಿಗಳನ್ನು ಸೇರಿಸಿಕೊಳ್ಳಿ, ಇಲ್ಲವೇ ಹತೋಟಿಯನ್ನು ಬಿಟ್ಟು 'ಮಾತ್ರೆ ತಪ್ಪಿದ ದಿನಗಳು' ಎಂಬಂಥ, ಬೇಗ ಬದಲಾಗುವ ಅಳತೆ ಇಟ್ಟುಕೊಳ್ಳಿ.

ಅಳೆಯುವವರಿಗೆ ಯಾವ ಊರು ಯಾವ ಗುಂಪಿನದೆಂದು ತಿಳಿಯದಿರಲಿ. ಐದು ನಿಮಿಷ ಕೂರಿಸಿ, ತೋಳಿಗೆ ಹೊಂದುವ ಪಟ್ಟಿ ಸುತ್ತಿ, ಎರಡು ಸಲ ಅಳೆದು ಸರಾಸರಿ ಬರೆಸಿ. ಚಿಕ್ಕ ಪಟ್ಟಿಯನ್ನು ದಪ್ಪ ತೋಳಿಗೆ ಸುತ್ತಿದರೆ ಬಿಪಿ ಹೆಚ್ಚು ತೋರಿಸುತ್ತದೆ. ವಾರಕ್ಕೊಮ್ಮೆ ಮೂಲ ಅಂಕಿಗಳ ಕೊನೆಯ ಅಂಕೆಗಳನ್ನು ಎಣಿಸಿ: ಪಾದರಸದ ಉಪಕರಣದಲ್ಲಿ 0, 2, 4, 6, 8 ತಲಾ ಸುಮಾರು 20 ಶೇಕಡ ಬರಬೇಕು. ಸೊನ್ನೆಯೇ 50 ಶೇಕಡ ದಾಟಿದರೆ ಯಾರೋ ಕುಳಿತಲ್ಲೇ 130/80, 140/90 ಎಂದು ಬರೆಯುತ್ತಿದ್ದಾರೆ. ಆ ವಾರದ ಹಾಳೆಗಳನ್ನು ಹಿಡಿದು ನೀವೇ ಹತ್ತು ಮನೆಗೆ ಹೋಗಿ ಮತ್ತೆ ಅಳೆಯಿರಿ.